ಹೆದರುವ ಡ್ರ್ಯಾಗನ್ ಬೇಡ ಅನ್ನುವವರಿಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕ್ರಿಸ್ಟೋಫರ್ ಪಾವೊಲಿನಿ ಬರೆದ ‘ಮುರ್ಟಾಗ್’ ಕಾದಂಬರಿ ಓದಿದ ಮೇಲೆ ನಮ್ಮ ಹೈಸ್ಕೂಲು ಗೆಳೆಯರ ನಡುವೆ ಎರಡು ತಿಂಗಳಿಂದ ಒಂದು ಜಗಳ ನಡೆಯುತ್ತಿದೆ. ಪುಸ್ತಕ ಬಂದದ್ದು 2023ರ ನವೆಂಬರ್‌ನಲ್ಲಿ. ಕೆಲವರು ಆಗಲೇ ಓದಿದ್ದರು, ನಾನೂ ಇನ್ನಿಬ್ಬರೂ ಓದಿದ್ದು ಈಚೆಗೆ. ಜಗಳ ಏನು ಅಂದರೆ, ಇಕ್ಕಟ್ಟಾದ ಜಾಗ ಕಂಡರೆ ನಡುಗುವ ಡ್ರ್ಯಾಗನ್ ಎಂಥ ಡ್ರ್ಯಾಗನ್ ಅಂತ. ಜಾಸ್ತಿ ಜನ ಆ ಕಡೆ ಇದ್ದಾರೆ. ನಾನು ಈ ಕಡೆ. ಆ ಹೆದರಿಕೆಯಲ್ಲೇ ಈ ಪುಸ್ತಕದ ಜೀವ ಇದೆ ಅನ್ನುವುದು ನನ್ನ ನಂಬಿಕೆ. ನಿಮ್ಮ ಓದುಗರಲ್ಲೂ ಇದರ ಹಿಂದಿನ ‘ಎರಗಾನ್’ ಸರಣಿ ಓದಿಕೊಂಡೇ ಬೆಳೆದವರು ಇದ್ದೇ ಇರುತ್ತಾರೆ, ಅವರ ಮುಂದೆ ಇದನ್ನು ಇಡೋಣ ಅಂತ ಬರೆಯುತ್ತಿದ್ದೇನೆ.

ಓದದವರಿಗೆ ಸ್ವಲ್ಪ ಹಿನ್ನೆಲೆ. ಪಾವೊಲಿನಿ ಅಮೆರಿಕದ ಮೊಂಟಾನಾದ ಹುಡುಗ. ಶಾಲೆಗೆ ಹೋಗದೆ ಮನೆಯಲ್ಲೇ ಓದಿದವನು. ಸರಣಿಯ ಮೊದಲ ಪುಸ್ತಕ ‘ಎರಗಾನ್’ ಬರೆಯಲು ಶುರು ಮಾಡಿದಾಗ ಅವನಿಗೆ 15 ವರ್ಷ. 2002ರಲ್ಲಿ ಅಪ್ಪ ಅಮ್ಮನೇ ಅದನ್ನು ಅಚ್ಚು ಹಾಕಿಸಿದರು. ಹುಡುಗ ಹಳೆಯ ಕಾಲದ ವೇಷ ಹಾಕಿಕೊಂಡು ಶಾಲೆ, ಲೈಬ್ರರಿ ಅಂತ ಊರೂರು ತಿರುಗಿ, ನೂರಕ್ಕೂ ಹೆಚ್ಚು ಕಡೆ ನಿಂತು ಮಾತಾಡಿ ಪುಸ್ತಕ ಮಾರಿದ. ಕಾರ್ಲ್ ಹಯಾಸೆನ್ ಎಂಬ ಕಾದಂಬರಿಕಾರರ ಹೆಂಡತಿಯ ಮಗನ ಕೈಗೆ ಒಂದು ಪ್ರತಿ ಸಿಕ್ಕಿತು. ಆ ಹುಡುಗ ಅದನ್ನು ಬಹಳ ಮೆಚ್ಚಿಕೊಂಡ, ಹಯಾಸೆನ್ ತಮ್ಮ ಪ್ರಕಾಶಕರಿಗೆ ಹೇಳಿದರು, 2003ರಲ್ಲಿ ನಾಫ್ ಸಂಸ್ಥೆ ಅದನ್ನು ಮತ್ತೆ ತಂದಿತು. ಆಮೇಲೆ 2005ರಲ್ಲಿ ‘ಎಲ್ಡೆಸ್ಟ್’, 2008ರಲ್ಲಿ ‘ಬ್ರಿಸಿಂಗರ್’, 2011ರಲ್ಲಿ ‘ಇನ್ಹೆರಿಟೆನ್ಸ್’. ಮೂರೇ ಭಾಗ ಅಂತ ಹೊರಟದ್ದು ನಾಲ್ಕಾಯಿತು. 2006ರ ಕೊನೆಗೆ ಒಂದು ಸಿನಿಮಾ ಬಂತು, ಅದರ ವಿಷಯ ಬೇಡ ಬಿಡಿ.

ನಮ್ಮ ತರಗತಿಯಲ್ಲಿ ‘ಎರಗಾನ್’ ಇದ್ದದ್ದು ಒಂದೇ ಪ್ರತಿ. ನೀಲಿ ರಕ್ಷಾಪುಟ, ಅದರ ಮೇಲೆ ಸಫೀರಾ ಎಂಬ ನೀಲಿ ಡ್ರ್ಯಾಗನ್ನಿನ ಮುಖ. ಒಬ್ಬ ಹುಡುಗನ ಚಿಕ್ಕಪ್ಪ ಬೆಂಗಳೂರಿನಿಂದ ತಂದು ಕೊಟ್ಟದ್ದು. ಒಂಬತ್ತು ಜನ ಸರದಿಯಲ್ಲಿ ಓದಿದೆವು. ಕನ್ನಡ ಮೀಡಿಯಂ ಹುಡುಗರು ನಾವು. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು, ಗೊತ್ತಾಗದ ಕಡೆ ಊಹೆ ಮಾಡಿಕೊಂಡು ಓದಿದೆವು. ನಾನು ಓದಿದ ಮೊದಲ ದೊಡ್ಡ ಇಂಗ್ಲಿಷ್ ಪುಸ್ತಕ ಅದು.

ಆ ಒಂಬತ್ತು ಜನರಲ್ಲಿ ಎಲ್ಲರಿಗೂ ಎರಗಾನ್ ಬೇಕಿತ್ತು. ಹೊಲದಲ್ಲಿ ಕೆಲಸ ಮಾಡುವ ಹುಡುಗ, ಕಾಡಿನಲ್ಲಿ ನೀಲಿ ಕಲ್ಲೊಂದು ಸಿಗುತ್ತದೆ, ನೋಡಿದರೆ ಅದು ಮೊಟ್ಟೆ. ಯಾರಿಗೆ ಇಷ್ಟ ಆಗಲ್ಲ ಹೇಳಿ? ನನ್ನ ಕಣ್ಣು ಮಾತ್ರ ಮುರ್ಟಾಗ್ ಮೇಲೆ ಇತ್ತು. ಅವನ ಅಪ್ಪ ಮೊರ್ಝಾನ್, ದುಷ್ಟ ರಾಜ ಗಾಲ್ಬಟೋರಿಕ್ಸ್‌ನ ಬಲಗೈ. ಮಗುವಾಗಿದ್ದಾಗ ಅಪ್ಪ ಎಸೆದ ಕತ್ತಿಯಿಂದ ಆದ ಗಾಯದ ಗುರುತು ಬೆನ್ನ ತುಂಬ ಇದೆ. ತಾಯಿ ಒಬ್ಬಳೇ, ಆದರೆ ಎರಗಾನ್‌ಗೆ ತಂದೆ ಬೇರೆ. ಅಂದರೆ ಇವನು ಅಣ್ಣ, ಅವನು ತಮ್ಮ, ಇಬ್ಬರೂ ಎದುರುಬದುರು ಪಾಳೆಯದಲ್ಲಿ. ಇದನ್ನು ಓದಿದಾಗ ಕನ್ನಡದವರಿಗೆ ಯಾರ ನೆನಪು ಬರುತ್ತದೆ ಅಂತ ನಾನು ಹೇಳಬೇಕಿಲ್ಲ. ಅರ್ಜುನನನ್ನು ನಾಯಕನನ್ನಾಗಿ ಮಾಡಿಕೊಂಡು ಬರೆದ ಪಂಪನೇ, ನೆನೆಯುವುದಾದರೆ ಕರ್ಣನನ್ನು ನೆನೆ ಅಂದ. ಒಂದು ವ್ಯತ್ಯಾಸ ಇದೆ. ಕರ್ಣ ಉಪ್ಪಿನ ಋಣಕ್ಕೆ ಆ ಕಡೆ ನಿಂತ. ಮುರ್ಟಾಗ್‌ನನ್ನು ರಾಜ ಹಿಡಿದು ತಂದು, ಅವನ ನಿಜನಾಮ ತಿಳಿದುಕೊಂಡು (ಈ ಕಥೆಯ ಲೋಕದಲ್ಲಿ ಅದು ಗೊತ್ತಾದವರಿಗೆ ಆ ವ್ಯಕ್ತಿಯ ಮೇಲೆ ಹಿಡಿತ ಸಿಗುತ್ತದೆ), ಮೀರಲು ಆಗದ ಆಣೆಗಳಿಂದ ಕಟ್ಟಿಹಾಕಿದ. ಮನಸ್ಸು ಬೇಡ ಅಂದರೂ ಕೈ ಕತ್ತಿ ಎತ್ತುತ್ತದೆ.

ಅವನ ಡ್ರ್ಯಾಗನ್ ಥಾರ್ನ್. ಕೆಂಪು. ಮೊಟ್ಟೆಯಿಂದ ಹೊರಬಂದದ್ದೇ ಸೆರೆಯಲ್ಲಿ. ಯುದ್ಧಕ್ಕೆ ಬೇಗ ಬೇಕು ಅಂತ ರಾಜ ಮಂತ್ರ ಹಾಕಿ ಅವನ ದೇಹವನ್ನು ಅವಸರದಲ್ಲಿ ಬೆಳೆಸಿದ. ಮೈ ದೊಡ್ಡದಾಯಿತು, ಒಳಗಿರುವುದು ಮರಿಯೇ. ನಾಲ್ಕನೇ ಪುಸ್ತಕದ ಕೊನೆಗೆ ರಾಜ ಸತ್ತ, ಎಲ್ಲರಿಗೂ ಬಿಡುಗಡೆ. ಅಣ್ಣ ಮಾತ್ರ ತನ್ನ ಡ್ರ್ಯಾಗನ್ ಜೊತೆ ದೂರ ಹೊರಟುಹೋದ. ನಾಡಿನ ಜನರ ಬಾಯಲ್ಲಿ ಅವನು ದ್ರೋಹಿ, ಅಲ್ಲಿ ಉಳಿಯಲು ಮುಖವಿಲ್ಲ. ಅಲ್ಲಿಂದ ಮುಂದೆ 12 ವರ್ಷ ಈ ಸರಣಿಯಲ್ಲಿ ಏನೂ ದೊಡ್ಡದಾಗಿ ಬರಲಿಲ್ಲ. 2018ರಲ್ಲಿ ಒಂದು ಸಣ್ಣ ಕಥೆಗಳ ಪುಸ್ತಕ ಬಂತು, ಅದರಲ್ಲಿ ಮುರ್ಟಾಗ್‌ನ ಕಥೆ ಒಂದು ಇತ್ತು. ಅಷ್ಟೇ.

ಈ 12 ವರ್ಷವೇ ಜಗಳಕ್ಕೆ ಅರ್ಧ ಕಾರಣ ಅಂತ ನನಗೆ ಅನಿಸುತ್ತದೆ. ಹದಿನಾಲ್ಕನೇ ವಯಸ್ಸಿಗೆ ಓದಲು ಶುರು ಮಾಡಿದವರು ಈಗ ಕೆಲಸ, ಸಾಲ, ಮಕ್ಕಳ ಸ್ಕೂಲ್ ಫೀಸು ಅಂತ ಇದ್ದಾರೆ. ಅವರು ಪುಸ್ತಕ ತೆರೆದದ್ದು ಹಳೆಯ ಗೆಳೆಯನನ್ನು ನೋಡಲು. ಎರಗಾನ್ ಎಲ್ಲಿ, ಸಫೀರಾ ಎಲ್ಲಿ ಅಂತ ಹುಡುಕಿದರು. 700 ಪುಟದ ಹತ್ತಿರ ಇರುವ ಪುಸ್ತಕದಲ್ಲಿ ಅವರ ಹೆಸರು ಬರುತ್ತದೆ ಅಷ್ಟೇ, ಕಥೆ ಪೂರ್ತಿ ಅಣ್ಣನದು. ದಾವಣಗೆರೆಯಲ್ಲಿರುವ ನನ್ನ ಗೆಳೆಯನಿಗೆ ಇದರಿಂದ ಬಹಳ ಬೇಸರ ಆಯಿತು. ಅವನ ಇನ್ನೊಂದು ದೂರು, ಪುಸ್ತಕದ ಎರಡನೇ ಅರ್ಧ ಪೂರ್ತಿ ಹಿಂಸೆ ಅಂತ. ನಾಲ್ ಗೊರ್ಗೊಥ್ ಎಂಬ ಹಳ್ಳಿಯಲ್ಲಿ, ನೆಲದಿಂದ ಗಂಧಕದ ವಾಸನೆ ಏಳುವ ಜಾಗದಲ್ಲಿ, ಒಬ್ಬ ಮಾಟಗಾತಿ ಇವರಿಬ್ಬರಿಗೂ ಮದ್ದು ಹಾಕಿ ಸೆರೆ ಇಡುತ್ತಾಳೆ. ಆ ಸೆರೆ ಮುಗಿಯುವುದೇ ಇಲ್ಲ ಅನ್ನುವಷ್ಟು ಉದ್ದ. ಬೇರೆ ಓದುಗರೂ ಇದೇ ಮಾತು ಹೇಳಿದ್ದನ್ನು ಕೇಳಿದ್ದೇನೆ. ಡ್ರ್ಯಾಗನ್ ಕಥೆ ಅಂದರೆ ಹಾರಾಟ ಇರಬೇಕು, ಬೆಂಕಿ ಇರಬೇಕು, ಸುಮ್ನೆ ಕಟ್ಟಿಹಾಕಿ ಕೂರಿಸಿದರೆ ಹೇಗೆ ಅನ್ನುತ್ತಾರೆ.

ಆದರೆ ಒಂದು ಸಲ ಸೆರೆಯಲ್ಲಿದ್ದು ಹೊರಬಂದವನಿಗೆ ಅತಿ ದೊಡ್ಡ ಭಯ ಯಾವುದು? ಮತ್ತೆ ಸೆರೆ ಸಿಕ್ಕುವುದು, ಅಲ್ವಾ? ಅದೇ ಭಯದ ಒಳಗೆ ಅವನನ್ನು ಮತ್ತೆ ಇಳಿಸದೆ, ಇವನಿಗೆ ನಿಜವಾಗಿ ಬಿಡುಗಡೆ ಸಿಕ್ಕಿದೆಯಾ ಅಂತ ಓದುಗನಿಗೆ ಗೊತ್ತಾಗುವುದಾದರೂ ಹೇಗೆ? ಬೇಗ ಮುಗಿಸಿದ್ದರೆ ಅದು ಬರೀ ಒಂದು ಪೇಚಿನ ಪ್ರಸಂಗ ಆಗುತ್ತಿತ್ತು. ದಿನಗಳು ಲೆಕ್ಕ ತಪ್ಪುತ್ತವೆ, ತನ್ನ ಯೋಚನೆ ಯಾವುದು ಮದ್ದಿನ ಯೋಚನೆ ಯಾವುದು ಅಂತ ತಿಳಿಯುವುದಿಲ್ಲ, ಓದುತ್ತಿದ್ದರೆ ನಮಗೂ ಉಸಿರು ಕಟ್ಟುತ್ತದೆ. ನಾನು ಎರಡು ಸಲ ಪುಸ್ತಕ ಮುಚ್ಚಿಟ್ಟು ಎದ್ದು ಹೊರಗೆ ಹೋಗಿ ಬಂದೆ. ಆ ಉದ್ದ ಬೇಕಿತ್ತು ಅಂತಲೇ ನಾನು ಈಗಲೂ ಹೇಳುವುದು.

ಇನ್ನು ಥಾರ್ನ್ ಹೆದರಿಕೆ. ಬಯಲಲ್ಲಿ, ಆಕಾಶದಲ್ಲಿ ಅವನನ್ನು ಯಾರೂ ತಡೆಯಲಾರರು. ನಾಲ್ಕು ಗೋಡೆ ಹತ್ತಿರ ಬಂದರೆ ಮುಗಿಯಿತು, ಮೈ ಮರಗಟ್ಟುತ್ತದೆ, ಇಲ್ಲ ಕಂಗಾಲಾಗಿ ಬೆಂಕಿ ಉಗುಳುತ್ತಾನೆ. ಮುರ್ಟಾಗ್ ಒಳಗೆ ಸಿಕ್ಕಿಕೊಂಡಿದ್ದಾನೆ ಅಂತ ಗೊತ್ತಿದ್ದರೂ ಒಳಗೆ ಹೋಗಲು ಆಗುವುದಿಲ್ಲ. ಗೆಳೆಯನ ಮಾತು ಹೀಗಿತ್ತು: “ಅಷ್ಟು ದೊಡ್ಡ ಪ್ರಾಣಿ ಅದು, ಗೋಡೆ ಒಡೆದುಕೊಂಡು ಹೋಗಬಹುದಲ್ಲ, ಅದಕ್ಕೆ ಎಂಥ ಭಯ?”

ಇದಕ್ಕೆ ಉತ್ತರ ಕೊಟ್ಟದ್ದು ನಾನಲ್ಲ, ನನ್ನ ಅಕ್ಕನ ಮಗ. ಅವನಿಗೆ ಈಗ 15. ಒಂಬತ್ತು ವರ್ಷದವನಿದ್ದಾಗ ನೆಂಟರ ಅಪಾರ್ಟ್‌ಮೆಂಟಿನಲ್ಲಿ ಕರೆಂಟು ಹೋಗಿ ಲಿಫ್ಟ್‌ನಲ್ಲಿ ಒಬ್ಬನೇ ಸಿಕ್ಕಿಹಾಕಿಕೊಂಡಿದ್ದ. ಮುಕ್ಕಾಲು ಗಂಟೆ. ಅಂದಿನಿಂದ ಎಷ್ಟನೇ ಮಹಡಿ ಆದರೂ ಮೆಟ್ಟಿಲು ಹತ್ತುತ್ತಾನೆ. ಮದುವೆ ಮನೆಯಲ್ಲಿ, ಆಸ್ಪತ್ರೆಯಲ್ಲಿ, ಎಲ್ಲ ಕಡೆ ನೆಂಟರಿಂದ ಒಂದೇ ಮಾತು, ಇಷ್ಟು ಉದ್ದ ಬೆಳೆದಿದ್ದೀಯ, ಲಿಫ್ಟಿಗೆ ಹೆದರ್ತೀಯಲ್ಲೋ ಅಂತ. ಅವನು ಏನೂ ಹೇಳದೆ ಮೆಟ್ಟಿಲ ಕಡೆ ನಡೆಯುತ್ತಾನೆ. ಈ ಬೇಸಿಗೆ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದಾಗ ನನ್ನ ಕಪಾಟಿನಿಂದ ನಾಲ್ಕೂ ಭಾಗ ತೆಗೆದು ಓದಿದ, ಆಮೇಲೆ ಇದನ್ನೂ. ಒಂದು ರಾತ್ರಿ ಹನ್ನೊಂದು ಗಂಟೆಗೆ ಪುಸ್ತಕ ಹಿಡಿದುಕೊಂಡು ನನ್ನ ಕೋಣೆಗೆ ಬಂದ. “ಮಾಮ, ಥಾರ್ನ್‌ಗೂ ಹಾಗೇ ಆಗುತ್ತೆ” ಅಂದ. ಅಷ್ಟೇ ಅಂದದ್ದು. ಪಕ್ಕದಲ್ಲಿ ಕೂತು ಆ ಪುಟಗಳನ್ನು ನನಗೆ ಓದಿ ಹೇಳಿದ.

ಅವನ ಮಾತಿನಲ್ಲಿ ನಾನು ಗಮನಿಸಿದ ಸಂಗತಿ ಒಂದಿದೆ. ರಜೆಯ ಮೊದಲ ವಾರ ಅವನು ಡ್ರ್ಯಾಗನ್‌ಗಳ ಬಗ್ಗೆ ಮಾತಾಡುವಾಗ ‘ಅದು’ ಅನ್ನುತ್ತಿದ್ದ. ಕನ್ನಡದಲ್ಲಿ ಪ್ರಾಣಿಗೆ ನಾವು ಹಾಗೇ ತಾನೆ ಅನ್ನುವುದು. ಈ ಪುಸ್ತಕ ಅರ್ಧ ಆಗುವಷ್ಟರಲ್ಲಿ ‘ಅವನು’ ಅನ್ನತೊಡಗಿದ. ಇಂಗ್ಲಿಷ್‌ನಲ್ಲಿ ಪುಸ್ತಕ ಮೊದಲಿನಿಂದಲೂ ಹಾಗೇ ಕರೆಯುತ್ತದೆ, ಅದು ದೊಡ್ಡದಲ್ಲ. ಕನ್ನಡದ ಹುಡುಗನ ಬಾಯಲ್ಲಿ ‘ಅದು’ ಹೋಗಿ ‘ಅವನು’ ಬಂತಲ್ಲ, ಅದು ಲೇಖಕರ ಬರವಣಿಗೆಯ ಶಕ್ತಿ. ಬೆಂಕಿ ಉಗುಳುವುದರಿಂದ ಆ ಬದಲಾವಣೆ ಬರಲಿಲ್ಲ, ಹೆದರಿದ್ದರಿಂದ ಬಂತು. ಇನ್ನೊಂದು ವಿಷಯ ಹುಡುಗನಿಗೆ ಬಹಳ ಹಿಡಿಸಿದ್ದು, ಮುರ್ಟಾಗ್ ಥಾರ್ನ್‌ನನ್ನು ಹೀಯಾಳಿಸುವುದಿಲ್ಲ. ತನಗೂ ಸೆರೆಯಿದ್ದ ಅದೇ ಜಾಗದ ಕನಸು ಬೀಳುತ್ತದೆ, ಅದಕ್ಕೇ ಅವನಿಗೆ ಅರ್ಥ ಆಗುತ್ತದೆ. ಕೊನೆಗೆ ಥಾರ್ನ್ ಏನು ಮಾಡುತ್ತಾನೆ ಅಂತ ನಾನು ಇಲ್ಲಿ ಬರೆಯುವುದಿಲ್ಲ, ಓದುವವರ ಸುಖ ಕೆಡಿಸಬಾರದು.

ತಪ್ಪುಗಳೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಗಿಲಿಯಡ್ ಊರಿನ ಹತ್ತಿರದ ಸರೋವರದಲ್ಲಿ ದೈತ್ಯ ಮೀನು ಹಿಡಿಯುವ ಪ್ರಸಂಗ ಬೇಕಿದ್ದಕ್ಕಿಂತ ಮೂರು ಪಟ್ಟು ಉದ್ದ ಇದೆ. ಮಗುವೊಂದನ್ನು ಬಿಡಿಸಬೇಕು, ಅದಕ್ಕೆ ಕಾವಲಿನವರ ಜೊತೆ ಸೇರಬೇಕು, ಅದಕ್ಕೆ ಮೀನು ಹಿಡಿಯಬೇಕು, ಹೀಗೆ ಒಂದಕ್ಕೊಂದು ಗಂಟು ಹಾಕಿಕೊಂಡು ಹೋಗುತ್ತದೆ, ವಿಡಿಯೊ ಗೇಮ್ ಆಡಿದ ಹಾಗೆ. ಮಾಟಗಾತಿಯೂ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಗಾಲ್ಬಟೋರಿಕ್ಸ್ ಮಾತಾಡಿದರೆ ಅವನು ಹೇಳುವುದೂ ಸರಿ ಇರಬಹುದೇನೋ ಅನಿಸುತ್ತಿತ್ತು, ಇವಳ ಮಾತಿಗೆ ಆ ತೂಕ ಇಲ್ಲ. ರಾಣಿ ನಸುವಾಡಾ ಬರುವುದು ಬಹಳ ಕಡಿಮೆ. ಹಿಂದಿನ ಭಾಗದಲ್ಲಿ ಸೆರೆಮನೆಯಲ್ಲಿ ಅವಳಿಗೂ ಮುರ್ಟಾಗ್‌ಗೂ ನಡುವೆ ಹುಟ್ಟಿದ ಪ್ರೀತಿಗಾಗಿ ಇಷ್ಟು ವರ್ಷ ಕಾದವರಿಗೆ ಇದು ಅನ್ಯಾಯ, ಇದನ್ನು ನಾನೂ ಗೆಳೆಯನೂ ಒಟ್ಟಿಗೆ ಒಪ್ಪಿದ್ದೇವೆ. ದೊಡ್ಡ ಆಪತ್ತೊಂದನ್ನು ನೆಲದಡಿ ಹಾಗೇ ಬಿಟ್ಟು ಪುಸ್ತಕ ನಿಲ್ಲುತ್ತದೆ, ಮುಂದಿನದಕ್ಕೆ ಕಾಯಬೇಕು.

ಹಿಂದಿನ ನಾಲ್ಕು ಓದದೆ ನೇರವಾಗಿ ಇದನ್ನೇ ಓದಬಹುದು ಅಂತ ಹೇಳುವವರಿದ್ದಾರೆ. ನನ್ನ ಸಲಹೆ ಬೇಡ ಅಂತ. ಕಥೆ ಅರ್ಥ ಆಗುತ್ತದೆ, ನೋವು ಅರ್ಥ ಆಗುವುದಿಲ್ಲ. ಕಡೇಪಕ್ಷ ಮೊದಲೆರಡನ್ನಾದರೂ ಓದಿ ಬನ್ನಿ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ಭಾನುವಾರದ ಪುರವಣಿಯಲ್ಲಿ ಹದಿಹರೆಯದವರು ತಾವು ಓದಿದ ಪುಸ್ತಕದ ಬಗ್ಗೆ ಬರೆಯಲು ಅರ್ಧ ಕಾಲಂ ಜಾಗ ಕೊಡಿ. ಪುಸ್ತಕ ಇಂಗ್ಲಿಷಿನದಾದರೂ ಪರವಾಗಿಲ್ಲ, ಬರಹ ಕನ್ನಡದಲ್ಲಿ ಇರಲಿ. ನನ್ನ ಅಕ್ಕನ ಮಗ ಇಂಗ್ಲಿಷ್ ಮೀಡಿಯಂ, ಆದರೆ ಆ ರಾತ್ರಿ ಅವನು ಥಾರ್ನ್ ಬಗ್ಗೆ ಮಾತಾಡಿದ್ದು ಪೂರ್ತಿ ಕನ್ನಡದಲ್ಲಿ. ಇಂಥ ಮಾತು ಮನೆಯೊಳಗೇ ಮುಗಿದುಹೋಗುತ್ತಿದೆ. ಜಾಗ ಕೊಟ್ಟರೆ ಮೊದಲ ಬರಹ ಅವನಿಂದ ನಾನು ಬರೆಸಿ ಕಳಿಸುತ್ತೇನೆ, ಲಿಫ್ಟ್ ವಿಷಯ ಅದರಲ್ಲಿ ಬರೆಯಬೇಕೋ ಬೇಡವೋ ಅವನಿಗೆ ಬಿಟ್ಟದ್ದು. ಈ ಪತ್ರದಲ್ಲಿ ಬರೆಯಬಹುದಾ ಅಂತ ನಾನು ಅವನನ್ನು ಕೇಳಿಯೇ ಬರೆದಿದ್ದೇನೆ.

ಲಿಫ್ಟ್ ಕಥೆ ಕೇಳಿದ ದಾವಣಗೆರೆಯ ಗೆಳೆಯ ಕಳೆದ ತಿಂಗಳು ಬಂದು ಪುಸ್ತಕವನ್ನು ಮತ್ತೆ ಓದುತ್ತೇನೆ ಅಂತ ತೆಗೆದುಕೊಂಡು ಹೋಗಿದ್ದಾನೆ. ಮೊನ್ನೆ ಅವನಿಂದ ಮೆಸೇಜ್ ಬಂತು. ಮೀನಿನ ಪ್ರಸಂಗ ಈ ಸಲವೂ ಬೋರು, ಸೆರೆಯ ಭಾಗಕ್ಕೆ ಈಗ ಬಂದಿದ್ದೇನೆ, ಥಾರ್ನ್ ಹೊರಗೆ ಒಬ್ಬನೇ ಇರುವುದನ್ನು ಓದಲು ಆಗುತ್ತಿಲ್ಲ ಅಂತ.

ಇಂತಿ,
ನಿಮ್ಮ ಓದುಗ,
ಶಿವಮೊಗ್ಗ