ಹಳೆಯ ಕಾರಿನ ಜಾಹೀರಾತಿನಲ್ಲಿ ಆ ಕಾರಿನದೇ ಚಿತ್ರವಿರಲಿ

ಮಾನ್ಯ ಸಂಪಾದಕರೇ,

ಬಳಸಿದ ಕಾರುಗಳ ಮಾರಾಟದ ಜಾಹೀರಾತುಗಳಲ್ಲಿ ಕಾಣಿಸಿಕೊಳ್ಳುತ್ತಿರುವ ಚಿತ್ರಗಳ ಬಗ್ಗೆ ತಮ್ಮ ಪತ್ರಿಕೆಯ ಮೂಲಕ ಕೆಲವು ಮಾತು ಹೇಳಬಯಸುತ್ತೇನೆ. ಹೊಸ ಕಾರು ಕೊಳ್ಳುವವರಿಗೆ ಜಾಹೀರಾತಿನ ಚಿತ್ರ ಬರೀ ಅಲಂಕಾರ; ಒಂದೇ ಮಾದರಿಯ ಹೊಸ ಕಾರುಗಳಲ್ಲಿ ಒಂದನ್ನು ನೋಡಿದರೆ ಉಳಿದವನ್ನೂ ನೋಡಿದಂತೆಯೇ. ಬಳಸಿದ ಕಾರಿನ ವಿಷಯ ಹಾಗಲ್ಲ. ಒಂದೇ ವರ್ಷ ತಯಾರಾದ, ಒಂದೇ ಬಣ್ಣದ ಎರಡು ಕಾರುಗಳಲ್ಲಿ ಒಂದು ನೆರಳಿನಲ್ಲಿ ನಿಂತು, ಹೊತ್ತುಹೊತ್ತಿಗೆ ಸರ್ವೀಸ್ ಕಂಡು ಗಟ್ಟಿಮುಟ್ಟಾಗಿ ಉಳಿದಿರಬಹುದು. ಇನ್ನೊಂದು ಬಿಸಿಲುಮಳೆಗೆ ಮೈಯೊಡ್ಡಿ, ಎಲ್ಲೋ ಗುದ್ದಿಸಿಕೊಂಡು, ಟಿಂಕರಿಂಗ್ ಮಾಡಿಸಿಕೊಂಡು ಬಂದಿರಬಹುದು. ದೂರದಲ್ಲಿ ಕುಳಿತು ಜಾಹೀರಾತು ಓದುವವರಿಗೆ ಈ ಎರಡನ್ನು ಬೇರೆಬೇರೆಯಾಗಿ ತೋರಿಸಬಲ್ಲದ್ದು ಚಿತ್ರವೊಂದೇ. ಅದೇ ಸುಳ್ಳು ಹೇಳತೊಡಗಿದರೆ ಕೊಳ್ಳುವವರು ಯಾವುದನ್ನು ನಂಬಬೇಕು?

ಕಂಪನಿಯ ಪ್ರಚಾರಪತ್ರದಿಂದಲೋ ಬೇರೊಬ್ಬರ ಜಾಹೀರಾತಿನಿಂದಲೋ ಎತ್ತಿಕೊಂಡ ಚಿತ್ರವನ್ನು ಹಾಕುವುದು ಮೋಸಗಳಲ್ಲಿ ತೀರ ಒರಟಾದದ್ದು, ಪತ್ತೆ ಹಚ್ಚಲೂ ಸುಲಭ. ನನ್ನನ್ನು ಹೆಚ್ಚು ಕಾಡುವುದು ಅದೇ ಕಾರನ್ನು ನಿಲ್ಲಿಸಿಕೊಂಡು ತೆಗೆದ, ಆದರೂ ಸತ್ಯ ಹೇಳದ ಚಿತ್ರಗಳು. ಚಿತ್ರ ತೆಗೆಯುವ ಮುನ್ನ ಕಾರಿನ ಮೇಲೆ ನೀರು ಸುರಿಯುವುದು ಹಳೆಯ ಉಪಾಯ. ಬಣ್ಣದ ಮೇಲಿನ ಸಣ್ಣ ಗೀರುಗಳಲ್ಲಿ ನೀರು ತುಂಬಿಕೊಂಡಾಗ ಬೆಳಕು ಚೆದುರದೆ ಮರಳುವುದರಿಂದ ಬಿಸಿಲಿಗೆ ಮಂಕಾದ ಬಾನೆಟ್ ಕೂಡ ಈಗಷ್ಟೇ ಬಣ್ಣ ಹೊಡೆಸಿದಂತೆ ಹೊಳೆಯುತ್ತದೆ. ಬಾಗಿಲಿನ ನೆಗ್ಗು ಗೊತ್ತಾಗಬೇಕಾದರೆ ಅದರ ಮೇಲೆ ಬಿದ್ದ ಗೋಡೆಯಂಚಿನ ಅಥವಾ ಕಂಬದ ನೆಟ್ಟನೆಯ ಪ್ರತಿಬಿಂಬ ಎಲ್ಲಿ ಬಾಗುತ್ತದೆಂದು ಗಮನಿಸಬೇಕು. ಮುಸ್ಸಂಜೆಯ ಮಬ್ಬಿನಲ್ಲಿ, ಬಯಲಿನಲ್ಲಿ ನಿಲ್ಲಿಸಿ ತೆಗೆದರೆ ಅಂಥ ಪ್ರತಿಬಿಂಬವೇ ಬೀಳುವುದಿಲ್ಲ. ಮೊಬೈಲಿನ ಅಗಲ ಕೋನದ ಲೆನ್ಸನ್ನು ಬಾಗಿಲ ಸಂದಿಯಲ್ಲಿಟ್ಟು ತೆಗೆದ ಚಿತ್ರದಲ್ಲಿ ಮೊಣಕಾಲಿಗೂ ಜಾಗವಿಲ್ಲದ ಹಿಂಬದಿಯ ಸೀಟು ಬಹು ವಿಶಾಲವಾಗಿ ಕಾಣುತ್ತದೆ. ಹತ್ತು ಚಿತ್ರಗಳಿದ್ದರೂ ಹತ್ತೂ ಎಡಬದಿಯವೇ ಆಗಿದ್ದರೆ ಬಲಬದಿಯಲ್ಲಿ ಏನಾಗಿದೆಯೆಂದು ಕೇಳಲೇಬೇಕು.

ಕಾರಿನ ನಿಜವಾದ ವಯಸ್ಸು ಹೇಳುವ ಭಾಗಗಳಂತೂ ಈ ಚಿತ್ರಗಳಲ್ಲಿ ಬರುವುದೇ ಅಪರೂಪ. ಸವೆದು ನುಣುಪಾದ ಬ್ರೇಕ್ ಮತ್ತು ಕ್ಲಚ್ ಪೆಡಲಿನ ರಬ್ಬರು, ಹತ್ತಿ ಇಳಿದು ಕುಸಿದ ಚಾಲಕನ ಸೀಟಿನ ಅಂಚು, ಕೈಯುಜ್ಜಿ ಮಿರುಗುವ ಸ್ಟೀರಿಂಗ್ ಇವೆಲ್ಲ ಕಾರು ಓಡಿದ ದೂರ ತೋರಿಸುವ ಓಡೋಮೀಟರಿನ ಅಂಕಿಗೆ ತಾಳೆಯಾಗಬೇಕು. ಮೀಟರನ್ನು ಹಿಂದಕ್ಕೆ ತಿರುಗಿಸುವ ಚಾಳಿ ಡಿಜಿಟಲ್ ಮೀಟರುಗಳು ಬಂದ ಮೇಲೂ ನಿಂತಿಲ್ಲ. ಟೈರಿನ ಪಕ್ಕದಲ್ಲಿ ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುವ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೇ ವರ್ಷದ 23ನೇ ವಾರ. ಹೊಸ ಟೈರು ಎಂದು ಜಾಹೀರಾತಿನಲ್ಲಿ ಬರೆದವರು ಆ ನಾಲ್ಕು ಅಂಕಿಗಳ ಒಂದು ಚಿತ್ರವನ್ನೂ ಹಾಕಿದರೆ ಓದುಗರಿಗೆ ಎಷ್ಟೋ ಅನುಕೂಲವಾಗುತ್ತದೆ. ನೆರೆನೀರಿನಲ್ಲಿ ಮುಳುಗಿದ್ದ ಕಾರನ್ನು ಒಗೆದು ಒಣಗಿಸಿ ಮಾರುವವರೂ ಇದ್ದಾರೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದರೆ ಕೊನೆಯಲ್ಲಿ ಕಾಣುವ ಕೆಸರಿನ ಗೆರೆ, ಸೀಟಿನಡಿಯ ಬೋಲ್ಟುಗಳಿಗೆ ಹಿಡಿದ ತುಕ್ಕು ಯಾವ ಜಾಹೀರಾತಿನ ಚಿತ್ರದಲ್ಲಿ ಬಂದೀತು?

ಇತ್ತೀಚೆಗೆ ಬಂಧುವೊಬ್ಬರ ಜೊತೆ ಇಂಥದೇ ಜಾಹೀರಾತಿನ ಒಂದು ಕಾರನ್ನು ನೋಡಲು ಹೋಗಿದ್ದೆ. ಚಿತ್ರದಲ್ಲಿ ಒಂದೇ ಸಮನಾಗಿ ಕೆಂಪಗಿದ್ದ ಅದರ ಮುಂದಿನ ಬಾಗಿಲಿಗೂ ಪಕ್ಕದ ಫೆಂಡರಿಗೂ ಹಗಲು ಬೆಳಕಿನಲ್ಲಿ ಬಣ್ಣವೇ ಹೊಂದುತ್ತಿರಲಿಲ್ಲ. ಬಾಗಿಲ ಸುತ್ತಲಿನ ಕಪ್ಪು ಬೀಡಿಂಗಿನ ಮೇಲೆ ಸ್ಪ್ರೇ ಮಾಡಿದ ಕೆಂಪು ಹನಿಗಳು ಹಾಗೇ ಉಳಿದಿದ್ದವು. ನಾವು ತಲುಪುವ ಮೊದಲೇ ಎಂಜಿನ್ ಓಡಿಸಿ ಬಿಸಿ ಮಾಡಿಟ್ಟಿದ್ದರಿಂದ ತಣ್ಣನೆಯ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆಂದು ತಿಳಿಯುವ ದಾರಿಯೂ ಇರಲಿಲ್ಲ. ಬಂಧುಗಳು ಅದನ್ನು ಕೊಳ್ಳಲಿಲ್ಲವಾದರೂ ರಜೆ ಹಾಕಿ ಅಷ್ಟು ದೂರ ಬಂದದ್ದು ವ್ಯರ್ಥವಾಯಿತು.

ನಮ್ಮ ಮನೆಯಲ್ಲಿ ಹಿಂದೆ ಇದ್ದ ಕಾರು ಯಾರೂ ತಿರುಗಿ ನೋಡುವಂಥದ್ದಾಗಿರಲಿಲ್ಲ. ಕಂದು ಬಣ್ಣ, ಪೆಟ್ಟಿಗೆಯಂಥ ಆಕಾರ, ಕೈಯಿಂದ ತಿರುಗಿಸಿ ಇಳಿಸುವ ಕಿಟಕಿಗಳು. ಶಾಲೆಯ ಗೇಟಿನ ಮುಂದೆ ಅದರಿಂದ ಇಳಿಯಲು ನಾಚಿಕೊಂಡು ತಿರುವಿನಲ್ಲೇ ಇಳಿದು ನಡೆಯುತ್ತಿದ್ದೆವು. ಅದನ್ನು ಮಾರಿದವರು ಮಾತ್ರ ಅಪ್ಪನಿಗೆ ಕೀಲಿ ಕೊಡುವ ಮುನ್ನ ಕಾರಿನ ಸುತ್ತ ಒಂದು ಸುತ್ತು ಕರೆದೊಯ್ದು ಒಂದೊಂದು ಕುಂದನ್ನೂ ಬೆರಳಿಟ್ಟು ತೋರಿಸಿದ್ದರು. ಹಿಂದಿನ ಎಡಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ, ಜೋರು ಮಳೆಯಲ್ಲಿ ಡಿಕ್ಕಿಯ ಮೂಲೆಗೆ ನೀರು ಇಳಿಯುತ್ತದೆ, ರಿವರ್ಸ್ ಗೇರ್ ಬೀಳದಿದ್ದರೆ ಒಮ್ಮೆ ಸೆಕೆಂಡ್ ಗೇರಿಗೆ ಹಾಕಿ ಆಮೇಲೆ ಹಾಕಬೇಕು ಎಂದೆಲ್ಲ ವಿವರಿಸಿದ್ದರು. ಚಳಿಯ ಬೆಳಗಿನಲ್ಲಿ ಚೋಕ್ ಗುಂಡಿ ಎಳೆದು ಸ್ಟಾರ್ಟ್ ಮಾಡಿ, ಎಂಜಿನ್ ಕಾಯುತ್ತಿದ್ದಂತೆ ಅದನ್ನು ನಿಧಾನವಾಗಿ ಒಳಕ್ಕೆ ತಳ್ಳಬೇಕೆಂಬುದನ್ನು ಅಪ್ಪನ ಕೈಯಲ್ಲೇ ಮಾಡಿಸಿದ್ದರು. ಆ ಕುಂದುಗಳೆಲ್ಲ ಗೊತ್ತಿದ್ದುದರಿಂದಲೇ ಆ ಕಾರಿನ ಮೇಲೆ ನಮಗೆ ಭರವಸೆಯಿತ್ತು, ಅದು ಬಹಳ ವರ್ಷ ನಮ್ಮೆಲ್ಲರನ್ನೂ ಹೊತ್ತು ಓಡಿತು.

ಅಂದಚೆಂದಕ್ಕೆ ಹೆಸರಾಗದ ಕಾರುಗಳ ಬಗ್ಗೆ ನನಗೆ ಆದರವಿರುವುದು ಇದರಿಂದಲೇ. ಪೂರ್ವ ಜರ್ಮನಿಯ ಟ್ರಾಬಾಂಟ್ ಕಾರನ್ನು ಲೋಕವೆಲ್ಲ ನಗೆಗೀಡು ಮಾಡಿತು. ಎರಡು ಸ್ಟ್ರೋಕಿನ ಪುಟ್ಟ ಎಂಜಿನ್, ಹಿಂದೆ ನೀಲಿ ಹೊಗೆ. ಹೆಚ್ಚಿನವುಗಳಲ್ಲಿ ಪೆಟ್ರೋಲ್ ಎಷ್ಟಿದೆಯೆಂದು ನೋಡಲು ಟ್ಯಾಂಕಿಗೆ ಕಡ್ಡಿ ಇಳಿಸಬೇಕಿತ್ತು. ಆದರೂ 1957ರಿಂದ 1991ರವರೆಗೆ ಸುಮಾರು 30 ಲಕ್ಷ ಟ್ರಾಬಾಂಟ್‌ಗಳು ತಯಾರಾಗಿ ಅಷ್ಟೂ ಕುಟುಂಬಗಳ ಕೆಲಸಕ್ಕೆ ಬಂದವು. ಅದರ ಹೊರಮೈ ಹತ್ತಿಯ ಎಳೆ ಮತ್ತು ರಾಳ ಬೆರೆಸಿ ಒತ್ತಿದ ಡ್ಯೂರೋಪ್ಲಾಸ್ಟಿನದು. ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಒಳಗಿನ ಚೌಕಟ್ಟು ಮತ್ತು ತಳ ಮಾತ್ರ ಉಕ್ಕಿನವು, ಅವು ತುಕ್ಕು ಹಿಡಿಯುತ್ತವೆ. ಹೊರಗಿನಿಂದ ತೆಗೆದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅಂಥ ಕಾರಿನ ತಳ ತೂತಾಗಿದೆಯೋ ಇಲ್ಲವೋ ಎಂಬುದು ಅದರಲ್ಲಿ ಕಾಣದು. 1998ರಲ್ಲಿ ಬಂದ ಫಿಯಟ್ ಮಲ್ಟಿಪ್ಲಾವನ್ನು ಮುಂದಿನ ಗಾಜಿನ ಕೆಳಗಿನ ಉಬ್ಬಿಗಾಗಿ ಎಷ್ಟೋ ಜನ ಕುರೂಪವೆಂದರು. ಸುಮಾರು ನಾಲ್ಕು ಮೀಟರ್ ಉದ್ದದ ಆ ಕಾರಿನಲ್ಲಿ ಸಾಲಿಗೆ ಮೂವರಂತೆ ಎರಡು ಸಾಲಿನಲ್ಲಿ ಆರು ಮಂದಿ ನೆಮ್ಮದಿಯಾಗಿ ಕೂರುತ್ತಿದ್ದರು. ಇಂಥ ಕಾರುಗಳ ಗುಣವನ್ನು ಯಾವ ಹೊಳಪಿನ ಚಿತ್ರವೂ ಹೇಳಲಾರದು.

ಸುಳ್ಳು ಚಿತ್ರದಿಂದ ಕೊಳ್ಳುವವರಿಗಷ್ಟೇ ನಷ್ಟವೆಂದು ತಿಳಿಯಬಾರದು. ಕಾರಿನ ಗುಣದೋಷ ಮಾರುವವನಿಗೆ ಮಾತ್ರ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬಳಸಿದ ಕಾರುಗಳ ಉದಾಹರಣೆಯಿಂದಲೇ ತೋರಿಸಿಕೊಟ್ಟರು. 2001ರ ನೊಬೆಲ್ ಪುರಸ್ಕಾರದಲ್ಲಿ ಅವರಿಗೂ ಪಾಲು ದೊರೆಯಿತು. ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸಲಾಗದ ಕೊಳ್ಳುವವನು ಎರಡಕ್ಕೂ ನಡುವಿನ ಬೆಲೆಯನ್ನೇ ಕೊಡಲು ಮುಂದಾಗುತ್ತಾನೆ. ಆ ಬೆಲೆಗೆ ಒಪ್ಪದೆ ಒಳ್ಳೆಯ ಕಾರಿನ ಒಡೆಯ ಹಿಂದೆ ಸರಿಯುತ್ತಾನೆ. ಕೊನೆಗೆ ಮಾರುಕಟ್ಟೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಗೀರು, ಸವೆತಗಳನ್ನು ಮುಚ್ಚಿಡದೆ ತೋರಿಸಿದ ಪ್ರಾಮಾಣಿಕ ಮಾಲೀಕರ ಕಾರು, ಪಕ್ಕದಲ್ಲೇ ನೀರು ಸುರಿದು ತೆಗೆದ ಇನ್ನೊಂದರ ಎದುರು ಕಳೆಗುಂದಿ ಕಂಡು, ಫೋನ್ ಮಾಡುವವರೇ ಇಲ್ಲವಾಗುತ್ತಾರೆ. ಇದು ನನಗೆ ಅತ್ಯಂತ ಅನ್ಯಾಯವೆನಿಸುತ್ತದೆ.

ಆದ್ದರಿಂದ ಇಂಥ ಜಾಹೀರಾತುಗಳನ್ನು ಪ್ರಕಟಿಸುವ ಎಲ್ಲರಲ್ಲೂ, ಮೊದಲಿಗೆ ತಮ್ಮಲ್ಲಿಯೇ, ನನ್ನ ವಿನಂತಿ ಇಷ್ಟು. ಚಿತ್ರ ಮಾರಾಟಕ್ಕಿರುವ ಕಾರಿನದೇ ಎಂದು ಮಾರುವವರಿಂದ ಬರಹದಲ್ಲಿ ಪಡೆಯಿರಿ, ತೆಗೆದ ದಿನಾಂಕವನ್ನು ಅದರ ಕೆಳಗೆ ಅಚ್ಚು ಮಾಡಿರಿ. ಒಣಗಿದ ಕಾರನ್ನು ಹಗಲು ಬೆಳಕಿನಲ್ಲಿ ನಾಲ್ಕೂ ಮೂಲೆಗಳಿಂದ ತೆಗೆದ ಚಿತ್ರಗಳು, ಪೆಡಲುಗಳು, ಟೈರಿನ ಅಂಕಿಗಳು, ಇಗ್ನಿಷನ್ ಆನ್ ಇರುವಾಗಿನ ಓಡೋಮೀಟರ್, ಇವುಗಳನ್ನು ಆನ್‌ಲೈನ್ ಜಾಹೀರಾತಿಗೆ ಕಡ್ಡಾಯಗೊಳಿಸಲು ಹೆಚ್ಚಿನ ಖರ್ಚೇನೂ ಬಾರದು. ಅಚ್ಚಿನ ಪುಟದಲ್ಲಿ ಒಂದೇ ಚಿತ್ರಕ್ಕೆ ಜಾಗವಿದ್ದರೆ, ಕಾರಿನಲ್ಲಿರುವ ಅತಿ ದೊಡ್ಡ ಕುಂದು ಯಾವುದೆಂದು ತಿಳಿಸುವ ಒಂದು ಸಾಲನ್ನಾದರೂ ಆ ಚಿತ್ರದ ಕೆಳಗೆ ಮಾರುವವರಿಂದ ಬರೆಸಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ