ಕಡಿವಾಣ ಪಶುವೈದ್ಯರ ಕೈಲಿರಲಿ

ಮಾನ್ಯ ಸಂಪಾದಕರೇ,

ನಂದಿ ಬೆಟ್ಟದ ತಪ್ಪಲಿನ ರೆಸಾರ್ಟು, ತೋಟಗಳಲ್ಲಿ ಕುದುರೆ ಸವಾರಿ ಕಲಿಯುವವರು ಜಾಸ್ತಿಯಾಗಿದ್ದಾರೆ. ಮೈದಾನದಲ್ಲಿ ಸುತ್ತು ಹೊಡೆದು ಬೇಜಾರಾಗಿ, ಕೆಲವರು ಹಳ್ಳಿ ದಾರಿಗಳಲ್ಲಿ ದೂರದ ಓಟವನ್ನೂ ಇಡುತ್ತಿದ್ದಾರೆ. ಓಟದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೋದ ಬೇಸಿಗೆಯಲ್ಲಿ ಚಿಕ್ಕಬಳ್ಳಾಪುರದ ಹತ್ತಿರ ನೋಡಿದ ಓಟದಲ್ಲಿ ಪಶುವೈದ್ಯರು ಹಾರ ಹಾಕಿಸಿಕೊಂಡು ವೇದಿಕೆ ಮೇಲೆ ಕೂತಿದ್ದರು. ಗೆದ್ದ ಕುದುರೆ ಮೈಯೆಲ್ಲ ನೊರೆಯಾಗಿ ಏದುಸಿರು ಬಿಡುತ್ತಿತ್ತು. ಅದರ ಪಕ್ಕದಲ್ಲಿದ್ದವರು ಸೆಲ್ಫಿ ತೆಗೆಯುವವರು ಮಾತ್ರ!

ಎಂಡ್ಯೂರೆನ್ಸ್ ಎಂಬ ಈ ಆಟದಲ್ಲಿ ಪಶುವೈದ್ಯರೇ ಯಜಮಾನರು. ಎಫ್‌ಇಐ, ಅಂದರೆ ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟದ ನಿಯಮದಂತೆ ಓಟವನ್ನು ಸುತ್ತುಗಳಾಗಿ ಒಡೆಯುತ್ತಾರೆ. ಯಾವ ಸುತ್ತೂ 40 ಕಿ.ಮೀ. ದಾಟುವಂತಿಲ್ಲ. ಪ್ರತಿ ಸುತ್ತಿನ ಕೊನೆಗೆ ವೆಟ್ ಗೇಟ್, ಅಂದರೆ ಪಶುವೈದ್ಯರು ಕುದುರೆಯನ್ನು ತಪಾಸಣೆ ಮಾಡುವ ಜಾಗ. ಬಂದ 15 ನಿಮಿಷದೊಳಗೆ ಹೃದಯದ ಬಡಿತ ನಿಮಿಷಕ್ಕೆ 64ಕ್ಕೆ ಇಳಿದಿರಬೇಕು. ಕೊನೆಯ ಸುತ್ತಿಗೆ 20 ನಿಮಿಷ. ಇಳಿಯಲಿಲ್ಲವೋ, ಮೊದಲು ಬಂದ ಕುದುರೆಯೂ ಔಟ್.

ಬಡಿತ ಒಂದೇ ಅಲ್ಲ. ಒಸಡು ಒತ್ತಿ ಬಿಟ್ಟು, ಬಣ್ಣ ಎಷ್ಟು ಬೇಗ ಮರಳುತ್ತದೆ ಎಂದು ನೋಡುತ್ತಾರೆ. ಚರ್ಮ ಚಿವುಟಿ ನೋಡುತ್ತಾರೆ. ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಕರುಳಿನ ಸದ್ದು ಕೇಳುತ್ತಾರೆ. ಸದ್ದು ಅಡಗಿದ್ದರೆ ಹೊಟ್ಟೆಶೂಲೆಯ ಭಯ. ಆಮೇಲೆ ಹಗ್ಗ ಸಡಿಲ ಬಿಟ್ಟು 40 ಮೀಟರ್ ಓಡಿಸಿ, ವಾಪಸ್ ಕರೆತಂದು, ಕುಂಟುತ್ತದಾ ಎಂದು ಗಮನಿಸುತ್ತಾರೆ. ಓಡಿಸಿ ಬಂದ ಮೇಲೆ ಮತ್ತೆ ಬಡಿತ ಎಣಿಸುವುದೂ ಉಂಟು. ಆ ಚೂರು ಓಟಕ್ಕೇ ಬಡಿತ ಏರಿದ್ದರೆ ಕುದುರೆ ಒಳಗೊಳಗೇ ಸೋತಿದೆ ಎಂದೇ ಲೆಕ್ಕ.

"ನೀರಡಿಕೆ ಆದರೆ ತಾನೇ ಕುಡಿಯುತ್ತೆ ಬಿಡಿ" ಎನ್ನುವವರು ಇದನ್ನು ಗಮನಿಸಬೇಕು. ಕುದುರೆಯ ಬೆವರಿನಲ್ಲಿ ಉಪ್ಪು ಜಾಸ್ತಿ. ಬಿಸಿಲಲ್ಲಿ ಓಡುವಾಗ ಗಂಟೆಗೆ 10ರಿಂದ 15 ಲೀಟರ್ ಬೆವರು ಹರಿಯಬಹುದು. ನೀರಿನ ಜೊತೆ ಉಪ್ಪೂ ಹೋಗುವುದರಿಂದ ಅದಕ್ಕೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಒಣಗಿ ಹೋದ ಕುದುರೆಯೂ ತೊಟ್ಟಿಯ ಮುಂದೆ ಸುಮ್ನೆ ನಿಂತುಬಿಡುತ್ತದೆ. ಬೇರೆಯವರು ನೋಡಿ ಹೇಳಲೇಬೇಕು.

ನಿಯಮ ಇದ್ದ ಕಡೆಯೂ ಅನಾಹುತ ಆಗಿದೆ. 2015ರಲ್ಲಿ ಎಫ್‌ಇಐ ಕುದುರೆಗಳ ಹಿತದ ಪ್ರಶ್ನೆಯಲ್ಲೇ ಯುಎಇ ಒಕ್ಕೂಟವನ್ನು ಅಮಾನತು ಮಾಡಿತ್ತು. 2018ರಲ್ಲಿ ಅಮೆರಿಕದ ಟ್ರೈಯನ್‌ನಲ್ಲಿ ಸೆಕೆ, ತೇವ ವಿಪರೀತವಾಗಿ ವಿಶ್ವ ಮಟ್ಟದ ಓಟವನ್ನೇ ಅರ್ಧದಲ್ಲಿ ರದ್ದು ಮಾಡಿದರು. ದುಡ್ಡು, ಪ್ರತಿಷ್ಠೆ ಎಲ್ಲ ಇದ್ದ ಕಡೆಯೇ ನಿಲ್ಲಿಸಿದರು. ನಮ್ಮಲ್ಲಿ ಶಾಸಕರು ಬಾವುಟ ಬೀಸಿದ ಮೇಲೆ ಯಾರು ನಿಲ್ಲಿಸುತ್ತಾರೆ, ಹೇಳಿ?

ಕಾನೂನು ನಮ್ಮಲ್ಲೂ ಇದೆ. ಹೊರೆ ಹೊರುವ, ಗಾಡಿ ಎಳೆಯುವ ಪ್ರಾಣಿಗಳಿಗೆ 1965ರ ಕೇಂದ್ರ ನಿಯಮಗಳಲ್ಲಿ ದಿನಕ್ಕೆ 9 ಗಂಟೆ, ಬಿಡುವಿಲ್ಲದೆ 5 ಗಂಟೆ ಎಂಬ ಮಿತಿ ಹಾಕಿದ್ದಾರೆ. ಬಿಸಿಲು 37 ಡಿಗ್ರಿ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ. ಗಾಡಿ ಕುದುರೆಗೆ ಸಿಗುವ ಈ ಬಿಡುವು ಓಟದ ಕುದುರೆಗೆ ಬೇಡವೇ?

ಜಿಲ್ಲಾಡಳಿತ ಮತ್ತು ಪಶುಪಾಲನಾ ಇಲಾಖೆ ಓಟಕ್ಕೆ ಅನುಮತಿ ಕೊಡುವಾಗಲೇ ಷರತ್ತು ಹಾಕಲಿ. ವೈದ್ಯರು ದಾರಿ ಮಧ್ಯೆಯೂ ಇರಬೇಕು. ಅವರು ಬೇಡವೆಂದ ಕುದುರೆ ಮುಂದೆ ಹೋಗಬಾರದು, ಮಾಲೀಕ ಎಷ್ಟೇ ದೊಡ್ಡವನಾದರೂ. ಅವರ ಸಂಬಳ ಆಯೋಜಕರ ಜೇಬಿನಿಂದ ನೇರ ಬರದಿದ್ದರೆ ಇನ್ನೂ ಒಳ್ಳೆಯದು. ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ಶುರುವಾದ 100 ಮೈಲಿಯ ಟೆವಿಸ್ ಕಪ್‌ನಲ್ಲಿ, ಮೊದಲು ಬಂದ 10 ಕುದುರೆಗಳಲ್ಲಿ ಯಾವುದು ಅತ್ಯಂತ ಆರೋಗ್ಯವಾಗಿದೆಯೋ ಅದಕ್ಕೆ ಬೇರೆಯೇ ಬಹುಮಾನ ಇದೆ. ನಮ್ಮ ಆಯೋಜಕರು ದೊಡ್ಡ ಟ್ರೋಫಿಯನ್ನು ಅದಕ್ಕೇ ಇಟ್ಟರೆ, ಸವಾರರು ಚಾಟಿ ಬಿಟ್ಟು ನೀರಿನ ಬಕೆಟ್ ಹಿಡಿಯುತ್ತಾರೆ.

— ಒಬ್ಬ ನಿವೃತ್ತ ಪಶು ಆಸ್ಪತ್ರೆ ಸಿಬ್ಬಂದಿ, ಚಿಕ್ಕಬಳ್ಳಾಪುರ