ಟೆಲಿಸ್ಕೋಪಿನ ಪೆಟ್ಟಿಗೆಯಲ್ಲಿಟ್ಟ ಪತ್ರ

ಪುಟ್ಟಿ,

ನಾಳೆ ಟೆಲಿಸ್ಕೋಪನ್ನು ರಾಯಚೂರಿಗೆ ಕಳಿಸುತ್ತಿದ್ದೇನೆ. ಕೊಳವೆಗೆ ನಿನ್ನ ಹಳೇ ಕಂಬಳಿ ಸುತ್ತಿದ್ದೇನೆ. ಕಣ್ಣಿಟ್ಟು ನೋಡುವ ಗಾಜುಗಳು, ಐಪೀಸುಗಳು, ಸ್ಟೀಲ್ ಡಬ್ಬಿಯಲ್ಲಿವೆ. ನಮ್ಮ ಶಿರಸಿ ಮಳೆಗೆ ಗಾಜಿಗೆಲ್ಲ ಫಂಗಸ್ ಹಿಡಿಯುತ್ತಿತ್ತು. ಅಲ್ಲಿ ಆ ಕಾಟವಿಲ್ಲ, ಧೂಳು ಜಾಸ್ತಿ. ಕನ್ನಡಿಯನ್ನು ಬಟ್ಟೆಯಿಂದ ಒರೆಸಬೇಡ.

ಹೊಸ ಶಾಲೆ ಸೇರಿದ ಮೊದಲ ವಾರವೇ ಮಕ್ಕಳಿಗೆ ಗ್ರಹ ತೋರಿಸಬೇಕು ಅಂದೆಯಲ್ಲ, ಅದನ್ನು ಊರಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ. ಆದರೆ ಮಕ್ಕಳು ಐದೂವರೆ ಬಸ್ಸಿಗೆ ಹೋಗಿಬಿಡುತ್ತಾರೆ, ಬೆಳಕಿರುವಾಗಲೇ ಶುಕ್ರನನ್ನು ಹುಡುಕುತ್ತೇನೆ ಅಂತಲೂ ಅಂದೆ. ಆಮೇಲೆ ನನಗೆ ನಿದ್ದೆ ಬರಲಿಲ್ಲ.

ಬುಧನನ್ನು ಹುಡುಕಿದ ಆ ಸಂಜೆಯನ್ನು ನೀನು 'ಅಪ್ಪ ನನ್ನನ್ನು ತಳ್ಳಿ ಬೀಳಿಸಿದ ಕಥೆ' ಅಂತ ಎಲ್ಲರಿಗೂ ಹೇಳುತ್ತೀಯ. ತಳ್ಳಿದ್ದು ನಿಜ. ನನ್ನ ಕಣ್ಣಿಗೆ ಕಟ್ಟಿರುವುದು ಬೇರೆ. ಸೂರ್ಯ ಇನ್ನೂ ಅಡಿಕೆ ಮರಗಳ ನಡುವೆ ಇದ್ದ. ನೀನು ಕೊಳವೆಯನ್ನು ಪಡುವಣಕ್ಕೆ ತಿರುಗಿಸುತ್ತಾ ಐಪೀಸಿನತ್ತ ಬಗ್ಗುತ್ತಿದ್ದೆ. ಐಪೀಸಿನಿಂದ ನಿನ್ನ ಫ್ರಾಕಿನ ತೋಳಿನ ಮೇಲೆ ಉಗುರಿನಷ್ಟು ಸೂರ್ಯನ ಬೆಳಕು ಬಿತ್ತು. ಬರೀ ಬಿಳಿ. ತೋಳಿನಿಂದ ಕತ್ತಿಗೆ ಬಂತು, ಕತ್ತಿನಿಂದ ಕೆನ್ನೆಗೆ ಹತ್ತಿತು. ಇನ್ನೆರಡು ಬೆರಳು ಮೇಲೆ ನಿನ್ನ ಕಣ್ಣು. ಆ ಬೆಳಕು ಈಗಲೂ ಕನಸಲ್ಲಿ ಕೆನ್ನೆವರೆಗೆ ಬರುತ್ತದೆ. ನಿನ್ನ ಮಂಡಿ ತರಚಿದ್ದಕ್ಕೆ ಬೇಜಾರಿದೆ ಪುಟ್ಟಿ. ಆದರೆ ಅಂಥ ಗಳಿಗೆ ಬಂದರೆ ಮತ್ತೆ ತಳ್ಳುತ್ತೇನೆ.

ಆರು ಇಂಚಿನ ಕನ್ನಡಿ ನಮ್ಮ ಕಣ್ಣಿಗಿಂತ ನಾನೂರು ಪಟ್ಟಿಗೂ ಹೆಚ್ಚು ಬೆಳಕು ಸೇರಿಸುತ್ತದೆ. ಕಣ್ಣಿನ ಪರದೆಗೆ ನೋವು ಗೊತ್ತಾಗುವುದಿಲ್ಲ. ಸುಟ್ಟರೂ ಮಗು ಅಳುವುದಿಲ್ಲ, ಸುಮ್ನೆ ಮನೆಗೆ ಹೋಗುತ್ತದೆ. ಬುಧ ಸೂರ್ಯನಿಂದ 28 ಡಿಗ್ರಿಗಿಂತ ಆಚೆ ಹೋಗುವುದೇ ಇಲ್ಲ. ಅವನನ್ನು ಹುಡುಕುವುದು ಸೂರ್ಯ ಪೂರ್ತಿ ಮುಳುಗಿದ ಮೇಲೆ ಮಾತ್ರ. ಐಪೀಸಿಗೆ ಹಾಕುವ ಸೌರ ಫಿಲ್ಟರ್ ಯಾರಾದರೂ ಕೊಟ್ಟರೆ ಎಸೆದುಬಿಡು, ಬಿಸಿಗೆ ಸೀಳುತ್ತದೆ. ಸೂರ್ಯನ ಫಿಲ್ಟರ್ ಕೊಳವೆಯ ಬಾಯಿಗೇ ಹಾಕಬೇಕು, ಗುರಿ ಹಿಡಿಯುವ ಪುಟ್ಟ ದುರ್ಬೀನು ಫೈಂಡರಿಗೆ ಮುಚ್ಚಳ ಇರಲೇಬೇಕು. ಟೀಚರಿಗೇ ಪಾಠ ಹೇಳುತ್ತಿದ್ದೇನೆ, ಗೊತ್ತು. ಆದರೂ ಇನ್ನೊಂದು ಸಲ ಓದು.

ಹಗಲಲ್ಲಿ ಶುಕ್ರ ಬೇಕೇ ಬೇಕು ಅಂದರೆ, ಅವನು ಸಂಜೆ ಕಾಣುವ ತಿಂಗಳಲ್ಲಿ ಶಾಲೆಯ ಮೂಡಣ ಬದಿಯ ನೆರಳಲ್ಲಿ ನಿಲ್ಲಿಸು. ಸೂರ್ಯ ಗೋಡೆಯ ಹಿಂದೆ ಇನ್ನಷ್ಟು ಇಳಿಯುತ್ತಾನೆ, ಶುಕ್ರ ಮೇಲೆ ಉಳಿಯುತ್ತಾನೆ. ಬೆಳಿಗ್ಗೆ ಮಾತ್ರ ಈ ಕೆಲಸ ಬೇಡ, ಸೂರ್ಯ ಮೇಲೇರಿ ಎದುರಿಗೇ ಬರುತ್ತಾನೆ. ನನ್ನನ್ನು ಕೇಳಿದರೆ ಬಸ್ಸಿನ ಮಕ್ಕಳಿಗೆ ಚಂದ್ರನೇ ಸಾಕು. ಶುಕ್ಲಪಕ್ಷದ ಅಷ್ಟಮಿಯ ಆಸುಪಾಸು ಅವನು ಮಧ್ಯಾಹ್ನವೇ ಹುಟ್ಟುತ್ತಾನೆ. ನಾಲ್ಕು ಗಂಟೆಗೆ ಸೂರ್ಯನಿಗೆ ಬೆನ್ನು ಹಾಕಿ ಕುಳಿಗಳನ್ನೆಲ್ಲ ನೋಡಬಹುದು.

ರಾತ್ರಿ ಉಳಿಯುವ ಹಾಸ್ಟೆಲ್ ಮಕ್ಕಳಿಗೆ ಗುರು. ಪಕ್ಕದ ನಾಲ್ಕು ಚುಕ್ಕಿಗಳನ್ನು, ಅಂದರೆ ಅವನ ಚಂದ್ರರನ್ನು, ದಿನಾ ಬರೆದಿಡಲಿ. ಗೆಲಿಲಿಯೋ 1610ರ ಜನವರಿಯಲ್ಲಿ ಮಾಡಿದ್ದೂ ಅದನ್ನೇ ಅಲ್ವಾ? ಶನಿ ಅಂದರೆ ಮನೆಯವರು ಹೆದರಿಸಿ ಕಳಿಸಿರುತ್ತಾರೆ. ಅಂಥ ಮಗುವನ್ನೇ ಮೊದಲು ನಿಲ್ಲಿಸು. 2025ರ ಮಾರ್ಚಿನಲ್ಲಿ ಅವನ ಬಳೆ ನಮಗೆ ಅಂಚು ತೋರಿಸಿ ಕಾಣದ ಹಾಗಾಗಿತ್ತು. ಈಗ ಮೆಲ್ಲಗೆ ತೆರೆಯುತ್ತಿದೆ, 2032ರ ಹೊತ್ತಿಗೆ ಚೆನ್ನಾಗಿ ಅಗಲವಾಗುತ್ತದೆ. ತಾರಸಿ ಮೇಲೆ ಇಡಬೇಡ. ಕಾದ ಕಾಂಕ್ರೀಟಿನ ಬಿಸಿಗೆ ಗ್ರಹ ಕುಣಿಯುತ್ತದೆ. ಮೈದಾನದ ಮಣ್ಣೇ ಒಳ್ಳೆಯದು.

ಬಸ್ಸಿನ ಕುಲುಕಾಟಕ್ಕೆ ಕನ್ನಡಿ ಓರೆಯಾಗಿರುತ್ತದೆ. ಹಿಂದಿನ ಮೂರು ತಿರುಪು ಸರಿಮಾಡಿಕೋ, ನನಗಿಂತ ನಿನ್ನ ಕೈ ಚೆನ್ನ. ಅಮ್ಮ ಕೊಟ್ಟ ತೊಡೆದೇವು ಬೇರೆ ಡಬ್ಬದಲ್ಲಿದೆ. ಮೊದಲ ದಿನ ತೋರಿಸಿದ ಮೇಲೆ ಎಷ್ಟು ಹೊತ್ತಾದರೂ ಫೋನ್ ಮಾಡು. ಮಕ್ಕಳು ಏನಂದರು ಅಂತ ಒಂದೂ ಬಿಡದೆ ಹೇಳಬೇಕು.

ನಿನ್ನ ಅಪ್ಪ